ರಾಜಮನೆತನದ ವಧುವಿಗೆ ಟಿಯಾರಾ: ಕಲ್ಲು ನೋಡುವ ಮೊದಲು ಕಟ್ಟು ನೋಡಿ

1947ರ ನವೆಂಬರ್ 20ರ ಬೆಳಿಗ್ಗೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಗೆ ಅಣಿಯಾಗುತ್ತಿದ್ದಾಗ, ತಲೆಗೆ ಇಡುತ್ತಿದ್ದ ಟಿಯಾರಾದ (ಕಿರೀಟದಂಥ ತಲೆಯೊಡವೆ) ಚೌಕಟ್ಟು ಪಟ್ಟನೆ ಮುರಿಯಿತು. ಪುಣ್ಯಕ್ಕೆ ಆಭರಣಕಾರರೊಬ್ಬರನ್ನು ಅಲ್ಲೇ ಇರಿಸಿಕೊಂಡಿದ್ದರು. ಟಿಯಾರಾವನ್ನು ಪೊಲೀಸ್ ಬೆಂಗಾವಲಿನಲ್ಲಿ ಕಾರ್ಯಾಗಾರಕ್ಕೆ ಒಯ್ದು, ಬೆಸುಗೆ ಹಾಕಿಸಿ, ಹೊತ್ತಿಗೆ ಸರಿಯಾಗಿ ತಂದರು. ಆದರೂ ಆ ದಿನದ ಚಿತ್ರಗಳಲ್ಲಿ ನಡುವಿನ ಎರಡು ವಜ್ರದ ಕಡ್ಡಿಗಳ ಮಧ್ಯೆ ಸಣ್ಣ ಸಂದು ಈಗಲೂ ಕಾಣುತ್ತದೆ. ಅಂದು ಒಂದು ಕಲ್ಲೂ ಉದುರಲಿಲ್ಲ. ಕೈಕೊಟ್ಟದ್ದು ಕಲ್ಲುಗಳನ್ನು ಹೊತ್ತ ಕಟ್ಟು.

ಈ ಬರಹ ಯೂರೋಪಿನ ಅರಮನೆಯ ವಧುವಿನ ಜೊತೆ ನಿಂತು ಟಿಯಾರಾ ಆರಿಸುವವರ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುತ್ತದೆ. ಲಂಡನ್ನಿನಲ್ಲೋ ಡಬ್ಲಿನ್ನಿನಲ್ಲೋ ಟಿಯಾರಾ ಬಾಡಿಗೆಗೆ ತಂದು ಆರತಕ್ಷತೆಗೆ ಧರಿಸುವ ಕನ್ನಡದ ಹುಡುಗಿಯರಿಗೂ ಇದರ ಮುಕ್ಕಾಲು ಭಾಗ ಹಾಗೆಯೇ ಅನ್ವಯಿಸುತ್ತದೆ.

1. ಯಾರ ಪೆಟ್ಟಿಗೆಯಿಂದ?

ಮದುವೆಯ ದಿನ ಗೊತ್ತಾದ ಕೂಡಲೇ ಇದನ್ನು ತೀರ್ಮಾನಿಸಬೇಕು. ಹಳೆಯ ಪದ್ಧತಿಯಂತೆ ಮದುವೆಯಾಗದ ಹುಡುಗಿ ಟಿಯಾರಾ ಧರಿಸುವುದಿಲ್ಲ, ಆಕೆಯ ಮೊದಲ ಟಿಯಾರಾ ಧಾರೆಯ ದಿನದ್ದು. ಅದು ತವರಿನದ್ದಾಗಿರಬೇಕು, ಮುಂದಿನವು ಗಂಡನ ಮನೆಯವು ಎಂಬ ರೂಢಿಯೂ ಇದೆ. 1981ರಲ್ಲಿ ಡಯಾನಾ ಧರಿಸಿದ್ದು ತವರಿನ ಸ್ಪೆನ್ಸರ್ ಟಿಯಾರಾ. 2012ರಲ್ಲಿ ಲಕ್ಸೆಂಬರ್ಗಿನ ಯುವರಾಜನ ಕೈಹಿಡಿದ ಸ್ಟೆಫನಿ ತೊಟ್ಟದ್ದೂ ತಮ್ಮ ಲಾನ್ವಾ ಮನೆತನದ್ದೇ. ತವರಿನಲ್ಲಿ ಟಿಯಾರಾ ಇಲ್ಲದಿದ್ದರೆ ಅತ್ತೆಮನೆಯವರು ಎರವಲು ಕೊಡುತ್ತಾರೆ ಅಥವಾ ಉಡುಗೊರೆಯಾಗಿ ಕೊಡುತ್ತಾರೆ. 2011ರಲ್ಲಿ ವಿಲಿಯಂರ ವಧು ಕ್ಯಾಥರೀನ್‌ಗೆ, 2018ರಲ್ಲಿ ಹ್ಯಾರಿಯ ವಧು ಮೇಗನ್‌ಗೆ ರಾಣಿ ಎಲಿಜಬೆತ್ ಕೊಟ್ಟದ್ದು ಎರವಲು. 2001ರಲ್ಲಿ ನಾರ್ವೆಯ ಮೆಟ್ಟೆ-ಮಾರಿಟ್‌ಗೆ ಸಿಕ್ಕ ಡೈಸಿ ಹೂಗಳ ಪುಟ್ಟ ಟಿಯಾರಾ ಉಡುಗೊರೆ.

ಡೆನ್ಮಾರ್ಕಿನಲ್ಲಿ ಈ ವಿಷಯ ಇನ್ನೂ ಕಟ್ಟುನಿಟ್ಟು. 1905ರಲ್ಲಿ ಈಜಿಪ್ಟಿನ ಖೆಡೀವ್ (ಅಲ್ಲಿನ ದೊರೆಯ ಬಿರುದು) ಉಡುಗೊರೆ ಕೊಟ್ಟ, ಪ್ಯಾರಿಸ್ಸಿನ ಆಭರಣ ಸಂಸ್ಥೆ ಕಾರ್ಟಿಯೇ ಮಾಡಿದ ಟಿಯಾರಾ ರಾಣಿ ಇಂಗ್ರಿಡ್ ಅವರಿಗೆ ಬಂತು. ಅವರ ಮೂವರು ಹೆಣ್ಣುಮಕ್ಕಳೂ ಮೊಮ್ಮಗಳಂದಿರೂ ಮದುವೆಗೆ ಧರಿಸಿದ್ದು ಅದನ್ನೇ. ಸೊಸೆಯಾಗಿ ಬಂದವರಿಗೆ ಅದು ಸಲ್ಲುವುದಿಲ್ಲ, 2004ರಲ್ಲಿ ಯುವರಾಜ ಫ್ರೆಡರಿಕ್‌ರ ವಧು ಮೇರಿಗೆ ಬೇರೆಯದೇ ಟಿಯಾರಾ ಕೊಟ್ಟರು. ಹಾಗಾಗಿ ಯಾವುದನ್ನು ಕೇಳಬಹುದು, ಯಾವುದನ್ನು ಕೇಳಲೇಬಾರದು ಎಂಬುದನ್ನು ಮನೆಯ ಹಿರಿಯ ಹೆಂಗಸರಿಂದಲೇ ಮೊದಲು ತಿಳಿದುಕೊಳ್ಳಿ. ವಧುವಿನ ಮುಂದೆ ತೆರೆದಿಡುವ ಪೆಟ್ಟಿಗೆಗಳು ಐದನ್ನು ಮೀರದಿರಲಿ. ಹತ್ತು ತೋರಿಸಿದರೆ ಯಾವುದರ ಹೊಳಪು ಹೆಚ್ಚೋ ಕಣ್ಣು ಅಲ್ಲಿಗೇ ಓಡುತ್ತದೆ.

ಆಭರಣ ಈಗ ಯಾವ ರೂಪದಲ್ಲಿದೆ ಎಂಬುದನ್ನೂ ಇದೇ ಹೊತ್ತಿನಲ್ಲಿ ಕೇಳಿ. ಹಳೆಯ ಚಿತ್ರದಲ್ಲಿರುವ ಟಿಯಾರಾ ಇಂದು ಇಲ್ಲದಿರಬಹುದು. ಬೀದರ್, ಕಲಬುರಗಿ, ರಾಯಚೂರುಗಳನ್ನೂ ಆಳುತ್ತಿದ್ದ ಹೈದರಾಬಾದಿನ ನಿಜಾಮರು 1947ರಲ್ಲಿ ಎಲಿಜಬೆತ್‌ಗೆ ಕಾರ್ಟಿಯೇ ಅಂಗಡಿಯ ಟಿಯಾರಾ ಮತ್ತು ಕಂಠಹಾರವನ್ನು ಮದುವೆಯ ಉಡುಗೊರೆಯಾಗಿ ಕೊಟ್ಟಿದ್ದರು. ಹಾರ ಇವತ್ತಿಗೂ ಬಳಕೆಯಲ್ಲಿದೆ. ಟಿಯಾರಾವನ್ನು 1973ರಲ್ಲಿ ಬಿಚ್ಚಿಸಿ, ಅದರ ವಜ್ರಗಳಿಗೆ ಬರ್ಮಾದ 96 ಮಾಣಿಕ್ಯಗಳನ್ನು ಸೇರಿಸಿ ಹೊಸದೊಂದನ್ನು ಮಾಡಿಸಲಾಯಿತು.

2. ತಲೆಯ ಅಳತೆ ತೆಗೆಯಿರಿ

ಟಿಯಾರಾ ಬಳೆಯಂತೆ ಸುತ್ತು ತುಂಬುವ ಆಭರಣವಲ್ಲ. ಹೆಚ್ಚಿನವು ಹಿಂದೆ ತೆರೆದ ಲಾಳದ ಆಕಾರದವು. ಎರಡು ತುದಿಗಳು ಕಿವಿಯ ಹಿಂದೆ, ಸ್ವಲ್ಪ ಮೇಲೆ ಬಂದು ನಿಲ್ಲುತ್ತವೆ. ಆದ್ದರಿಂದ ತಲೆಯ ಸುತ್ತಳತೆಗಿಂತ ಲಾಳದ ಬಾಯಗಲ ಮುಖ್ಯ.

ಒಂದು ಟೇಪು, ಒಂದು ಮೊಳದಷ್ಟು ಮೆತ್ತನೆಯ ಅಲ್ಯೂಮಿನಿಯಂ ತಂತಿ ತೆಗೆದುಕೊಳ್ಳಿ. ಹಣೆಯ ಕೂದಲಂಚಿನಿಂದ ಎರಡು ಬೆರಳು ಹಿಂದಕ್ಕೆ ತಂತಿಯನ್ನು ಇಟ್ಟು, ಎರಡೂ ಕಿವಿಗಳ ಹಿಂದಕ್ಕೆ ಬಗ್ಗಿಸಿ, ಆಕಾರ ಕೆಡದಂತೆ ಮೇಲೆತ್ತಿ. ಅದನ್ನು ಕಾಗದದ ಮೇಲಿಟ್ಟು ಗೆರೆ ಎಳೆಯಿರಿ. ಒಮ್ಮೆ ಬಿಚ್ಚುಗೂದಲಲ್ಲಿ, ಇನ್ನೊಮ್ಮೆ ಮದುವೆಗೆ ಉದ್ದೇಶಿಸಿದ ತುರುಬು ಕಟ್ಟಿದ ಮೇಲೆ ತೆಗೆಯಿರಿ. ಎರಡು ಗೆರೆಗಳ ನಡುವೆ ಬೆರಳಗಲದ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ. ಟಿಯಾರಾವನ್ನು ಹೋಲಿಸಬೇಕಾದದ್ದು ಎರಡನೆಯ ಗೆರೆಗೆ.

ಲಾಳ ಕಿರಿದಾದರೆ ತುದಿಗಳು ಕಿವಿಯ ಹಿಂದಿನ ಎಲುಬನ್ನು ಒತ್ತುತ್ತವೆ. ಮೊದಲ ಹತ್ತು ನಿಮಿಷ ಗೊತ್ತಾಗದು, ಒಂದು ಗಂಟೆಯ ಮೇಲೆ ತಲೆ ಸಿಡಿಯುತ್ತದೆ. ಮದುವೆಯ ದಿನ ಡಯಾನಾಗೆ ವಿಪರೀತ ತಲೆನೋವು ಬಂದಿತ್ತು, ಟಿಯಾರಾ ತೊಟ್ಟು ರೂಢಿ ಇರಲಿಲ್ಲ ಎಂದು ಅವರ ತಮ್ಮ ಚಾರ್ಲ್ಸ್ ಸ್ಪೆನ್ಸರ್ ನೆನೆದಿದ್ದಾರೆ. ಲಾಳ ಅಗಲವಾದರೆ ಟಿಯಾರಾ ಮುಂದಕ್ಕೆ ಜಾರಿ ಹಣೆಗೆ ಬರುತ್ತದೆ. ಅಗಲವಾದುದಕ್ಕೆ ಒಳಪಟ್ಟಿಗೆ ವೆಲ್ವೆಟ್ ಸುತ್ತಿ ಹೊಂದಿಸಬಹುದು. ಕಿರಿದಾದುದನ್ನು ಕೈಯಿಂದ ಅಗಲಿಸಲು ಹೋಗಬೇಡಿ. ನೂರು ವರ್ಷದ ಬೆಸುಗೆ ಹಾಗೆಯೇ ಬಿರುಕು ಬಿಡುವುದು. ಅಂಥದ್ದನ್ನು ಪಟ್ಟಿಯಿಂದ ಪಕ್ಕಕ್ಕಿಡಿ, ಎಷ್ಟೇ ಚೆಂದವಿದ್ದರೂ ಸರಿ.

3. ತಿರುಗಿಸಿ ಹಿಂಬದಿ ನೋಡಿ

ಆಯ್ಕೆಯ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಟಿಯಾರಾವನ್ನು ಮೆತ್ತನೆಯ ಬಟ್ಟೆಯ ಮೇಲೆ ಮಗುಚಿ ಇಟ್ಟು, ಭೂತಗನ್ನಡಿ ಹಿಡಿದು ಈ ಭಾಗಗಳನ್ನು ನೋಡಿ.

ಒಳಪಟ್ಟಿ: ತಲೆಯ ಮೇಲೆ ಕೂರುವ ಬಾಗಿದ ಪಟ್ಟಿ. ಅದಕ್ಕೆ ಪಿನ್ನು ತೂರಿಸುವ ಕುಣಿಕೆಗಳೋ, ಹೊಲಿಯಲು ಬಟ್ಟೆಯ ಸುತ್ತೋ ಇರಬೇಕು. ಎರಡೂ ಇಲ್ಲದಿದ್ದರೆ ಆಭರಣಕಾರರಿಂದ ಬಟ್ಟೆ ಸುತ್ತಿಸಿ. ಬಟ್ಟೆಯ ಬಣ್ಣ ವಧುವಿನ ಕೂದಲಿನದ್ದೇ ಆಗಿರಲಿ, ಟಿಯಾರಾದ್ದಲ್ಲ. ಬಾಡಿಗೆಯ ಟಿಯಾರಾಗಳ ಪಟ್ಟಿಗೆ ಬಹಳ ಸಲ ಬಿಳಿ ಅಥವಾ ಕೆನೆಬಣ್ಣದ ರಿಬ್ಬನ್ ಇರುತ್ತದೆ. ನಮ್ಮವರ ಕಪ್ಪು ಕೂದಲ ಮೇಲೆ ಅದು ಬ್ಯಾಂಡೇಜಿನಂತೆ ಕಾಣುತ್ತದೆ, ಕಪ್ಪು ವೆಲ್ವೆಟ್ಟಿಗೆ ಬದಲಿಸಲು ಮೊದಲೇ ಹೇಳಿ.

ಕೀಲು ಮತ್ತು ತಿರುಪು: ಹಳೆಯ ಟಿಯಾರಾಗಳಲ್ಲಿ ಬಹಳಷ್ಟನ್ನು ಬಿಚ್ಚಿ ಹಾರವಾಗಿ, ಬ್ರೋಚಾಗಿ ಧರಿಸಬಹುದು. 1960ರಲ್ಲಿ ರಾಜಕುಮಾರಿ ಮಾರ್ಗರೆಟ್ ಮದುವೆಗೆ ತೊಟ್ಟ ಪೋಲ್ಟಿಮೋರ್ ಟಿಯಾರಾ ಅಂಥದ್ದು. ಹಿಂದಿನ ವರ್ಷ ಹರಾಜಿನಲ್ಲಿ 5,500 ಪೌಂಡಿಗೆ ಕೊಂಡಿದ್ದ ಅದು ಕಂಠಹಾರವೂ ಆಗುತ್ತಿತ್ತು, ಹನ್ನೊಂದು ಬ್ರೋಚುಗಳೂ ಆಗುತ್ತಿತ್ತು. ಬಿಚ್ಚಬಹುದಾದ ಪ್ರತಿ ಭಾಗವೂ ಸಡಿಲವಾಗಬಹುದಾದ ಭಾಗ. ಪ್ರತಿ ತಿರುಪನ್ನು ಮುಟ್ಟಿ ನೋಡಿ. ಪೆಟ್ಟಿಗೆಯಲ್ಲಿ ಸಣ್ಣ ತಿರುಪುಳಿ, ಹೆಚ್ಚಿನ ಕೊಂಡಿಗಳು ಇದ್ದರೆ ಅವನ್ನೂ ಪಟ್ಟಿ ಮಾಡಿ.

ಅಂಚಿನ ಕಡ್ಡಿಗಳು: ಎಲಿಜಬೆತ್ ತೊಟ್ಟದ್ದು ಝಾಲರಿಯ ಬಗೆಯದು. 1893ರಲ್ಲಿ ರಾಣಿ ವಿಕ್ಟೋರಿಯಾ ಕೊಟ್ಟ ಹಾರವನ್ನು 1919ರಲ್ಲಿ ಎಲಿಜಬೆತ್‌ರ ಅಜ್ಜಿ ಕ್ವೀನ್ ಮೇರಿ ಟಿಯಾರಾ ಮಾಡಿಸಿದ್ದು, ಅದರಲ್ಲಿ 47 ವಜ್ರದ ಕಡ್ಡಿಗಳಿವೆ. ಈ ಬಗೆಯಲ್ಲಿ ಕಡ್ಡಿಗಳು ಬಾಚಣಿಗೆಯ ಹಲ್ಲಿನಂತೆ ಒಂದರ ಪಕ್ಕ ಒಂದು ಪೋಣಿಸಿಕೊಂಡು, ಚೌಕಟ್ಟಿನ ಬಲದಿಂದ ನೆಟ್ಟಗೆ ನಿಲ್ಲುತ್ತವೆ. ಹಿಡಿಯುವಾಗ ಕಡ್ಡಿಗಳನ್ನು ಒತ್ತಿದರೆ ಭಾರವೆಲ್ಲ ಚೌಕಟ್ಟಿನ ಒಂದೇ ಜಾಗಕ್ಕೆ ಬೀಳುತ್ತದೆ. ಆದ್ದರಿಂದ ಯಾವ ಟಿಯಾರಾವನ್ನೇ ಆಗಲಿ ಎರಡೂ ಕೈಗಳಿಂದ, ಒಳಪಟ್ಟಿಯ ಎರಡು ಬದಿಗಳಲ್ಲಿ ಹಿಡಿದು ಎತ್ತಬೇಕು. ಇಷ್ಟು ಜತನ ಮಾಡಿದರೆ ಅದು ತಲೆಮಾರುಗಳಿಗೆ ಬಾಳುತ್ತದೆ. 1973ರಲ್ಲಿ ಎಲಿಜಬೆತ್‌ರ ಮಗಳು ಆ್ಯನ್, 2020ರಲ್ಲಿ ಮೊಮ್ಮಗಳು ಬಿಯಾಟ್ರಿಸ್ ಮದುವೆಯಾದದ್ದು ಇದೇ ಟಿಯಾರಾ ತೊಟ್ಟು.

ಕಲ್ಲು ಹಿಡಿದ ಹಲ್ಲುಗಳು: ಟಿಯಾರಾವನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸಿ. ಕಿಣಿಕಿಣಿ ಸದ್ದು ಬಂದರೆ ಎಲ್ಲೋ ಕಲ್ಲು ಸಡಿಲ. ಆದರೆ ತೂಗುವ ಮುತ್ತುಗಳಿರುವ ಟಿಯಾರಾ ಸಹಜವಾಗಿಯೇ ಸದ್ದು ಮಾಡುತ್ತದೆ. ಆ ಸದ್ದನ್ನು ವಧು ಗಂಟೆಗಟ್ಟಲೆ ಕೇಳಬೇಕು, ಅದನ್ನೂ ಮೊದಲೇ ಹೇಳಿಬಿಡಿ.

ಪಟ್ಟಿಗೆ ಮಣಿಯುವ ಗುಣವಿದ್ದರೆ ಕೆಲಸ ಹಗುರ. ಮೇಗನ್ ತೊಟ್ಟ 1932ರ ಬ್ಯಾಂಡೋ ಹನ್ನೊಂದು ತುಂಡುಗಳ ಬಾಗುವ ಪಟ್ಟಿ, ನಡುವಿನ ಹತ್ತು ವಜ್ರಗಳ ಬ್ರೋಚು 1893ರದ್ದು. ತಲೆಗೆ ಒಗ್ಗಿಕೊಂಡು ಕೂರುವ, ಎತ್ತರ ಕಡಿಮೆ ಇರುವ ಇಂಥವು ಟಿಯಾರಾ ರೂಢಿಯಿಲ್ಲದ ವಧುವಿಗೆ ಹೇಳಿ ಮಾಡಿಸಿದಂತಿವೆ. ನಮ್ಮ ಮೊದಲ ಸಲಹೆ ಯಾವಾಗಲೂ ಇವೇ.

4. ಮುಸುಕಿನ ಭಾರ ಟಿಯಾರಾದ ಮೇಲೆ ಬೀಳಬಾರದು

ಅರಮನೆಯ ಪ್ರಕಟಣೆಗಳಲ್ಲಿ ‘ಮುಸುಕನ್ನು ಟಿಯಾರಾ ಹಿಡಿದಿಟ್ಟಿದೆ’ ಎಂದಿರುತ್ತದೆ. ಕಣ್ಣಿಗೆ ಹಾಗೆ ಕಂಡರೆ ಸಾಕು. ಮೇಗನ್‌ರ ಮುಸುಕು ಐದು ಮೀಟರ್ ಉದ್ದವಿತ್ತು. ಅಷ್ಟು ಬಟ್ಟೆ ಮೆಟ್ಟಿಲ ಅಂಚಿಗೆ ಸಿಕ್ಕರೂ ಸಾಕು, ಮಕ್ಕಳು ತುದಿ ತುಳಿದರೂ ಸಾಕು, ತಲೆಯನ್ನು ಹಿಂದಕ್ಕೆ ಜಗ್ಗುತ್ತದೆ. ಆ ಜಗ್ಗು ಟಿಯಾರಾಗೆ ತಗಲಿದರೆ ಅದು ಹಿಂದಕ್ಕೆ ವಾಲುತ್ತದೆ, ಕೂದಲು ಬುಡಸಮೇತ ಎಳೆಯುತ್ತದೆ. ಮುಸುಕಿಗೆ ತನ್ನದೇ ಬಾಚಣಿಗೆ ಇರಲಿ, ಅದು ಟಿಯಾರಾಗಿಂತ ಎರಡು ಬೆರಳು ಹಿಂದೆ ತುರುಬಿನೊಳಗೆ ಕೂರಲಿ. ಬಾಚಣಿಗೆಯ ಎರಡೂ ಪಕ್ಕ ಪಿನ್ನು ಹಾಕಿ.

ಮುಖದ ಮೇಲೆ ಇಳಿಬಿಟ್ಟು ಆಮೇಲೆ ಹಿಂದಕ್ಕೆ ಎತ್ತುವ ಮುಸುಕಾದರೆ ಇನ್ನೊಂದು ಪರೀಕ್ಷೆ ಬೇಕು. ಕಡ್ಡಿ, ನಕ್ಷತ್ರ, ಎಲೆಯಂಥ ಚೂಪು ತುದಿಗಳಿರುವ ಟಿಯಾರಾಗೆ ತೆಳು ಜಾಲರಿ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಲೇಸ್ ಆದರೆ ಹರಿದೇ ಹೋಗುತ್ತದೆ. ಅದೇ ಬಟ್ಟೆಯ ತುಂಡೊಂದನ್ನು ಹತ್ತು ಸಲ ಟಿಯಾರಾ ಮೇಲಿಂದ ಹಿಂದಕ್ಕೆ ಎತ್ತಿ ನೋಡಿ. ಒಮ್ಮೆ ಸಿಕ್ಕಿಕೊಂಡರೂ ಮುಸುಕನ್ನೋ ಟಿಯಾರಾವನ್ನೋ ಬದಲಿಸಿ. ಮುಸುಕು ಎತ್ತುವವರು ತಂದೆಯೋ ವರನೋ, ಅವರಿಗೂ ಕಲಿಸಬೇಕು: ಎರಡು ಕೈಯಲ್ಲಿ ಅಂಚು ಹಿಡಿದು, ಟಿಯಾರಾಗಿಂತ ಒಂದು ಗೇಣು ಎತ್ತರಕ್ಕೆ ಎತ್ತಿ, ಆಮೇಲೆ ಹಿಂದಕ್ಕೆ ಬಿಡುವುದು.

ಮುಸುಕೇ ಬೇಡವೆನ್ನುವ ದಾರಿಯೂ ಇದೆ. 2018ರ ಅಕ್ಟೋಬರ್ 12ರಂದು ಎಲಿಜಬೆತ್‌ರ ಇನ್ನೊಬ್ಬ ಮೊಮ್ಮಗಳು ಯೂಜೀನಿ ಬೆನ್ನಿನ ಶಸ್ತ್ರಚಿಕಿತ್ಸೆಯ ಗಾಯದ ಗುರುತು ಕಾಣುವಂತೆ ಉಡುಪು ಹೊಲಿಸಿ, ಮುಸುಕು ಬಿಟ್ಟು, ಗ್ರೆವಿಲ್ ಪಚ್ಚೆ ಟಿಯಾರಾ ಒಂದನ್ನೇ ತೊಟ್ಟರು. ಅಂದು ವಿಂಡ್ಸರ್‌ನಲ್ಲಿ ಅತಿಥಿಗಳ ಟೋಪಿ ಹಾರುವಷ್ಟು ಗಾಳಿ. ಮುಸುಕು ಇದ್ದಿದ್ದರೆ ಮೆಟ್ಟಿಲ ಮೇಲೆ ಬಹಳ ಕಷ್ಟವಾಗುತ್ತಿತ್ತು.

5. ಉಡುಪು, ಓಲೆ, ಬೆಳಕು

ಟಿಯಾರಾ ರಾತ್ರಿಯ ಒಡವೆ. ಸಂಜೆ ಆರರ ನಂತರ ದೀಪದ ಬೆಳಕಿಗೆಂದೇ ಅದನ್ನು ಧರಿಸುವ ರೂಢಿ, ಮದುವೆ ಮಾತ್ರ ಇದಕ್ಕೆ ಹೊರತು. ಬ್ರಿಟನ್ನಿನ ಅರಮನೆ ಮದುವೆಗಳು ಹಗಲಲ್ಲೇ ನಡೆಯುವುದರಿಂದ ಮೂರು ಬೆಳಕಿನಲ್ಲಿ ನೋಡಬೇಕು: ಕಿಟಕಿಯ ಪಕ್ಕ, ಮಂದಬೆಳಕಿನ ಕೋಣೆಯಲ್ಲಿ, ಟಿವಿ ಕ್ಯಾಮೆರಾದ ಜೋರು ದೀಪದಲ್ಲಿ. ಮೋಡ ಕವಿದ ಹಗಲಲ್ಲಿ ಬಿಳಿ ಮುಸುಕಿನ ಮುಂದೆ ಸಣ್ಣ ವಜ್ರಗಳು ಮಂಕಾಗಿ ಕರಗಿಹೋಗುತ್ತವೆ. ಕೂದಲಿನ ಬಣ್ಣ ನಡುವೆ ಕಾಣುವಂತೆ ಮುಸುಕನ್ನು ಹಿಂದಕ್ಕೆ ಸರಿಸಿದರೆ ಅದೇ ವಜ್ರಗಳು ಎದ್ದು ಕಾಣುತ್ತವೆ. ಕಪ್ಪು ಕೂದಲಿನವರಿಗೆ ಇಲ್ಲಿ ಲಾಭ ಹೆಚ್ಚು.

ಚಿನ್ನ, ಮುತ್ತುಗಳ ಟಿಯಾರಾ ಹಾಲುಬಿಳಿ ಬಟ್ಟೆಗೆ ಒಗ್ಗುವುದಿಲ್ಲ, ಕೆನೆಬಣ್ಣಕ್ಕೆ ಒಗ್ಗುತ್ತದೆ. ಸ್ವೀಡನ್ನಿನಲ್ಲಿ 1976ರಲ್ಲಿ ಸಿಲ್ವಿಯಾ, 2010ರಲ್ಲಿ ಮಗಳು ವಿಕ್ಟೋರಿಯಾ, ಇಬ್ಬರೂ ಜೂನ್ 19ರಂದೇ ತೊಟ್ಟ ಕೇಮಿಯೋ (ಕಲ್ಲು ಅಥವಾ ಚಿಪ್ಪಿನಲ್ಲಿ ಕೆತ್ತಿದ ಉಬ್ಬುಚಿತ್ರ) ಟಿಯಾರಾ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಚಿನ್ನ, ಮುತ್ತು ಮತ್ತು ಕೆತ್ತಿದ ಏಳು ಕೇಮಿಯೋಗಳಿವೆ.

ಬಣ್ಣದ ಕಲ್ಲು ಆರಿಸಿದರೆ ಓಲೆಯಲ್ಲಿ ಅದೇ ಬಣ್ಣ ಬಿಟ್ಟು ಇನ್ನೊಂದು ಬಣ್ಣ ಬೇಡ. ಗ್ರೆವಿಲ್ ಟಿಯಾರಾದ ನಡುವಿನ ಪಚ್ಚೆ 93.70 ಕ್ಯಾರೆಟ್. ಅಂಥದ್ದು ನೆತ್ತಿಯ ಮೇಲಿರುವಾಗ ಯೂಜೀನಿ ಪಚ್ಚೆ-ವಜ್ರದ ಓಲೆಗಳಿಗೆ ನಿಲ್ಲಿಸಿದ್ದು ಸರಿಯಾದ ತೀರ್ಮಾನ. ಕ್ಯಾಥರೀನ್ ಇನ್ನೊಂದು ದಾರಿ ಹಿಡಿದರು. 1936ರಲ್ಲಿ ಕಾರ್ಟಿಯೇ ಮಾಡಿದ ‘ಹೇಲೋ’ ಟಿಯಾರಾದಲ್ಲಿ 739 ದುಂಡು ವಜ್ರಗಳು, 149 ಕಡ್ಡಿ ವಜ್ರಗಳು, ಎಲ್ಲವೂ ಸುರುಳಿ ವಿನ್ಯಾಸದಲ್ಲಿ. ತಂದೆತಾಯಿ ಮಾಡಿಸಿಕೊಟ್ಟ ಓಕ್ ಎಲೆಯ ಓಲೆಗಳು ಅದರ ಜೊತೆ ಸಲೀಸಾಗಿ ಬೆರೆತವು, ಕತ್ತು ಬರಿದಾಗಿತ್ತು. ಉಡುಪಿಗೆ ಲೇಸಿನ ಎತ್ತರದ ಕೊರಳಿದ್ದರೆ ಹಾರ ಬಿಡುವುದೇ ಮೇಲು.

ಎತ್ತರದ ವಿಚಾರ ಚಿಕ್ಕದು: ವಧು ಕಾರಿನಲ್ಲೋ ಸಾರೋಟಿನಲ್ಲೋ ಕೂತಾಗ ನೆತ್ತಿಯಿಂದ ಛಾವಣಿಗೆ ಎಷ್ಟು ಜಾಗವಿದೆ ಅಳೆಯಿರಿ. ಟಿಯಾರಾದ ಎತ್ತರ ಕಳೆದು ಒಂದು ಗೇಣಾದರೂ ಉಳಿಯಲಿ.

6. ತಾಲೀಮು

ಅಸಲಿ ಟಿಯಾರಾ ಪೆಟ್ಟಿಗೆಯಿಂದ ಪದೇ ಪದೇ ಹೊರಬರುವುದಿಲ್ಲ, ಬರಲೂಬಾರದು. ಅದೇ ಅಗಲ, ಎತ್ತರದ ಅಗ್ಗದ ನಕಲೊಂದನ್ನು ತಂದು ಅಭ್ಯಾಸ ಮಾಡುವುದು ರೂಢಿ. ನಕಲು ಹಗುರವಾಗಿರುತ್ತದೆ. ಅಸಲಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಕಡಿಮೆ ಬಿದ್ದಷ್ಟು ಸೀಸದ ಗುಂಡು ಅಥವಾ ನಾಣ್ಯಗಳನ್ನು ಬಟ್ಟೆಯಲ್ಲಿ ಸುತ್ತಿ ನಕಲಿನ ಮುಂಭಾಗಕ್ಕೆ ಹೊಲಿಯಿರಿ. ಭಾರ ಮುಂದೆಯೇ ಇರಬೇಕು, ಏಕೆಂದರೆ ಅಸಲಿಯ ಭಾರವೂ ಅಲ್ಲೇ.

ಕನಿಷ್ಠ ಮೂರು ತಾಲೀಮು ಬೇಕು. ಮೊದಲನೆಯದು ಬರೀ ತುರುಬು ಮತ್ತು ಟಿಯಾರಾ, ಅರ್ಧ ಗಂಟೆ. ಎರಡನೆಯದು ಮುಸುಕಿನೊಂದಿಗೆ, ಮೂರು ಗಂಟೆ, ನಡುವೆ ತೆಗೆಯುವಂತಿಲ್ಲ. ಈ ಹೊತ್ತಿನಲ್ಲಿ ವಧು ಮೊಣಕಾಲೂರಬೇಕು, ರಾಜರ ಮುಂದೆ ಮಣಿಯುವಂತೆ ಮಣಿಯಬೇಕು, ಮೆಟ್ಟಿಲು ಇಳಿಯಬೇಕು, ಎತ್ತರದ ಗಂಡನ ಕಡೆ ತಲೆ ಎತ್ತಬೇಕು, ಕಾರು ಹತ್ತಬೇಕು. ಮೂರನೆಯದು ಅಸಲಿ ಟಿಯಾರಾದೊಂದಿಗೆ, ಆಭರಣಕಾರರು ಮತ್ತು ಹೇರ್ ಸ್ಟೈಲಿಸ್ಟ್ ಇಬ್ಬರೂ ಎದುರಿಗಿದ್ದು. ಮೂರನೆಯದನ್ನು ಮದುವೆಗೆ ಎರಡು ವಾರ ಮುಂಚೆ ಮಾಡಿದರೆ ದುರಸ್ತಿಗೆ ಸಮಯ ಸಿಗುತ್ತದೆ. ಹಿಂದಿನ ದಿನಕ್ಕೆ ದೂಡಿದರೆ ತಪ್ಪು ಗೊತ್ತಾದರೂ ತಿದ್ದಲಾಗದು.

7. ಮದುವೆಯ ಬೆಳಿಗ್ಗೆ

ತಲೆಗೂದಲನ್ನು ಹಿಂದಿನ ದಿನವೇ ತೊಳೆಯಬೇಕು. ಅಂದೇ ತೊಳೆದ ಕೂದಲು ಜಾರುತ್ತದೆ, ಪಿನ್ನು ನಿಲ್ಲುವುದಿಲ್ಲ. ಎಣ್ಣೆಯೂ ಬೇಡ.

ಟಿಯಾರಾ ಕೂರುವ ಗೆರೆಯಲ್ಲಿ ಕೂದಲನ್ನು ಬುಡದ ಕಡೆಗೆ ಉಲ್ಟಾ ಬಾಚಿ ದಿಂಬಿನಂತೆ ಮಾಡಿ. ಅದರ ಹಿಂದೆ, ನೆತ್ತಿಯ ನಡುವೆ ಬೆರಳ ದಪ್ಪದ ಪುಟ್ಟ ಜಡೆ ಹೆಣೆದು ತಲೆಗೆ ಅಂಟಿದಂತೆ ಪಿನ್ನು ಹಾಕಿ. ಟಿಯಾರಾದ ಬಟ್ಟೆ ಸುತ್ತಿದ ಪಟ್ಟಿಯನ್ನು ಆ ಜಡೆಗೆ ಸೂಜಿದಾರದಿಂದ ಹೊಲಿಯುತ್ತಾರೆ. 2011ರಲ್ಲಿ ಕ್ಯಾಥರೀನ್‌ಗೆ ಮಾಡಿದ್ದು ಇದನ್ನೇ. ಜಡೆಗೆ ದಾರ ಹಾಕಿ ಜಡೆನಾಗರ ಕಟ್ಟಿ ಗೊತ್ತಿರುವ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂದಲು ತೆಳುವಾಗಿದ್ದರೆ ಚೌರಿ ಸೇರಿಸಿ ಜಡೆ ದಪ್ಪ ಮಾಡಿ, ಆದರೆ ಬರೀ ಚೌರಿಗೆ ಹೊಲಿಯಬೇಡಿ. ಹೊಲಿಗೆ ಅಸಲಿ ಕೂದಲನ್ನೂ ಹಿಡಿಯಬೇಕು. ಎರಡು ತುದಿಗಳಲ್ಲಿ ಎರಡೆರಡು ಪಿನ್ನುಗಳನ್ನು ಕತ್ತರಿಯಾಕಾರದಲ್ಲಿ ಹಾಕಿದರೆ ಪಕ್ಕಕ್ಕೆ ಜರುಗುವುದಿಲ್ಲ.

ಹೇರ್ ಸ್ಪ್ರೇ, ಅತ್ತರು ಎಲ್ಲವೂ ಟಿಯಾರಾ ಇಡುವ ಮೊದಲೇ ಮುಗಿಯಲಿ, ಐದು ನಿಮಿಷ ಆರಲಿ. ಸ್ಪ್ರೇ ವಜ್ರದ ಮೇಲೆ ಪೊರೆಯಂತೆ ಕೂತು ಹೊಳಪು ಕೊಲ್ಲುತ್ತದೆ. ಮುತ್ತಿಗೆ ಅದು ವಿಷ, ಒಮ್ಮೆ ಹೋದ ಮೆರುಗು ಮತ್ತೆ ಬರುವುದಿಲ್ಲ.

ಪಕ್ಕದ ಮೇಜಿನ ಮೇಲೆ ಇವಿರಲಿ: ಕೂದಲ ಬಣ್ಣದ ಗಟ್ಟಿ ದಾರ ಪೋಣಿಸಿದ ಎರಡು ಸೂಜಿ, ಮೂವತ್ತು ಪಿನ್ನು, ಸಣ್ಣ ಕತ್ತರಿ, ತಿರುಪುಳಿ, ತೆಳು ತಂತಿ, ಮೆತ್ತನೆ ಬಟ್ಟೆ. ಆಭರಣಕಾರರು ಅದೇ ಕಟ್ಟಡದಲ್ಲಿರಲಿ. ಎರಡನೆಯ ಟಿಯಾರಾವೊಂದು ಅದೇ ತಲೆಗೆ ತಾಲೀಮು ಆಗಿ ಸಿದ್ಧವಿರಲಿ. 1947ರಲ್ಲಿ ಚೌಕಟ್ಟು ಮುರಿದಾಗ, ಇನ್ನೂ ಎರಡು ಗಂಟೆ ಇದೆ, ಬೇರೆ ಟಿಯಾರಾಗಳೂ ಇವೆ ಎಂದು ತಾಯಿ ಮಗಳಿಗೆ ಧೈರ್ಯ ಹೇಳಿದರಂತೆ. ಉಳಿದ ಒಡವೆಗಳೂ ಅದೇ ಕೋಣೆಯಲ್ಲಿವೆಯೇ ಎಂದು ಹಿಂದಿನ ರಾತ್ರಿಯೇ ಎಣಿಸಿ. ಅದೇ ಬೆಳಿಗ್ಗೆ ಎಲಿಜಬೆತ್‌ರ ಮುತ್ತಿನ ಹಾರಗಳು ಉಡುಗೊರೆಗಳ ಪ್ರದರ್ಶನದ ಜೊತೆ ಸೇಂಟ್ ಜೇಮ್ಸ್ ಅರಮನೆಯಲ್ಲೇ ಉಳಿದುಬಿಟ್ಟಿದ್ದವು, ಕಾರ್ಯದರ್ಶಿ ಓಡಿಹೋಗಿ ತರಬೇಕಾಯಿತು.

ಕೊನೆಯ ಪರೀಕ್ಷೆ: ವಧು ಗಲ್ಲವನ್ನು ಎದೆಗೆ ತಾಗಿಸಿ ಐದು ಎಣಿಸಲಿ, ತಲೆಯನ್ನು ಎರಡೂ ಪಕ್ಕಕ್ಕೆ ಜೋರಾಗಿ ತಿರುಗಿಸಲಿ. ಟಿಯಾರಾ ಕೂದಲೊಂದಿಗೇ ಚಲಿಸಬೇಕು. ಕೂದಲು ನಿಂತು ಟಿಯಾರಾ ಮಾತ್ರ ಅಲುಗಿದರೆ ಹೊಲಿಗೆ ಬಿಚ್ಚಿ ಮತ್ತೆ ಹಾಕಿ. ಮೇಲೆ ಒಂದೆರಡು ಪಿನ್ನು ಚುಚ್ಚಿ ಸರಿಪಡಿಸಲು ಹೋದರೆ ಅರ್ಧ ದಾರಿಯಲ್ಲಿ ಅವು ಕಿತ್ತುಬರುತ್ತವೆ.

8. ತೆಗೆಯುವಾಗ

ದಣಿದ ಹೊತ್ತು, ಆತುರ ಬೇರೆ. ಎಷ್ಟೋ ಹಾನಿ ಆಗುವುದು ಈಗಲೇ. ಮೊದಲು ಮುಸುಕು, ಆಮೇಲೆ ತುದಿಯ ಪಿನ್ನುಗಳು, ಕೊನೆಗೆ ಹೊಲಿಗೆ. ದಾರವನ್ನು ಕತ್ತರಿಸುವವರು ಒಬ್ಬರು, ಟಿಯಾರಾದ ಎರಡೂ ಬದಿ ಹಿಡಿದಿರುವವರು ಇನ್ನೊಬ್ಬರು. ಕೆಳಗೆ ದಪ್ಪ ಟವೆಲ್ ಹಾಸಿರಲಿ. ಕಲ್ಲು ಉದುರಿದರೆ ಅಲ್ಲೇ ಸಿಗುತ್ತದೆ.

ತೆಗೆದ ಮೇಲೆ ಒಣ ಮೆತ್ತನೆ ಬಟ್ಟೆಯಿಂದ ಒರೆಸಿ, ನೀರು ಸೋಕಿಸಬೇಡಿ. ಪಚ್ಚೆ, ಮುತ್ತು ಇರುವುದನ್ನು ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಲು ಯಾರಿಗೂ ಬಿಡಬೇಡಿ. ತಾಲೀಮಿಗೂ ಮುಂಚೆ ತೆಗೆದ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಕಲ್ಲುಗಳನ್ನು ಸಾಲು ಸಾಲಾಗಿ ಹೋಲಿಸಿ, ತಿರುಪುಳಿ ಮತ್ತು ಕೊಂಡಿಗಳ ಪಟ್ಟಿ ತಾಳೆ ನೋಡಿ, ಎರವಲು ಕೊಟ್ಟವರ ಕಡೆಯವರ ಸಹಿ ಪಡೆದು ಪೆಟ್ಟಿಗೆ ಮುಚ್ಚಿ.